ಕೈ ದಾಟಿದ ಚೀಲ

ಇದನ್ನು ಹೇಳುವುದನ್ನು ನಾನು ವರ್ಷಗಟ್ಟಲೆ ಮುಂದಕ್ಕೆ ಹಾಕಿದೆ. ಕೆಲಸದಲ್ಲಿದ್ದಾಗ, ಕೆಲಸ ಬಿಟ್ಟ ಮೇಲೆ ಹೇಳೋಣ ಅಂದುಕೊಂಡೆ. ಬಿಟ್ಟ ಮೇಲೆ, ಮಗಳ ಗಂಡನ ಮನೆಯವರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳಬಹುದಿತ್ತು. ಕೆಲವು ಸಲ ಬಾಯಿ ತೆರೆದದ್ದೂ ಹೌದು. ತೆರೆದ ಬಾಯಲ್ಲಿ ಬೇರೆ ಏನೋ ಮಾತಾಡಿ ಎದ್ದು ಹೋದೆ. ಈಗ ಅವಳೂ ಇಲ್ಲ. ಹೇಳಿದರೆ ಕಳೆದುಕೊಳ್ಳುವಂಥದ್ದು ನನ್ನ ಹತ್ತಿರ ಹೆಚ್ಚೇನೂ ಉಳಿದಿಲ್ಲ. ಅಂಥ ಹೊತ್ತಿನಲ್ಲಿ ಹೇಳುವುದರಲ್ಲಿ ದೊಡ್ಡತನ ಇಲ್ಲ ಎಂಬುದು ನನಗೆ ಗೊತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ಸಿಗೆ ಸೇರಿದವನು. ಖಾಸಗಿ ಬಸ್ಸು. ಶೃಂಗೇರಿಯಲ್ಲಿ ಬೆಳಗ್ಗೆ ಹೊರಟು, ಹರಿಹರಪುರ, ಕೊಪ್ಪ ಹಾದು ನರಸಿಂಹರಾಜಪುರ, ಅಂದರೆ ನಮ್ಮ ಬಾಯಲ್ಲಿ ಎನ್ನಾರ್ ಪುರ, ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ಸು. ಮಾಲೀಕರು ಬದಲಾದರು, ಬಸ್ಸು ಬದಲಾಯಿತು, ನನ್ನ ತಲೆ ಬೆಳ್ಳಗಾಯಿತು, ದಾರಿ ಮಾತ್ರ ಅದೇ. ಯಾವ ತಿರುವಿನಲ್ಲಿ ಯಾವ ಮಗು ವಾಂತಿ ಮಾಡುತ್ತದೆ ಎಂಬುದು ಸಹ ನನಗೆ ಗೊತ್ತಿರುತ್ತಿತ್ತು.

ನಮ್ಮ ಬಸ್ಸುಗಳಲ್ಲಿ ಒಂದು ಪದ್ಧತಿ ಇದೆ. ಯಾರೂ ಕೂರಿಸಿ ಕಲಿಸಿದ್ದಲ್ಲ. ನಿಂತವರು ತಮ್ಮ ಚೀಲವನ್ನು ಕೂತವರ ಮಡಿಲಿಗೆ ಕೊಡುತ್ತಾರೆ. ಗುರುತು ಪರಿಚಯ ಬೇಡ. "ಸ್ವಲ್ಪ ಇಟ್ಕಳಿ" ಅಂದರೆ ಮುಗಿಯಿತು. ತಿರುವು ರಸ್ತೆ, ಎರಡೂ ಕೈಯಲ್ಲಿ ಕಂಬಿ ಹಿಡಿಯದಿದ್ದರೆ ಪಕ್ಕದವರ ಮೇಲೆ ಬೀಳುವುದೇ. ಸೀಟು ಸಿಕ್ಕವರು ನಿಂತವರ ಭಾರ ಇಟ್ಟುಕೊಳ್ಳುವುದು ಆ ಸೀಟಿಗೆ ಕೊಡುವ ಬಾಡಿಗೆ ಇದ್ದ ಹಾಗೆ. ಚೀಲ, ಛತ್ರಿ, ಕಾಲೇಜಿನ ಪುಸ್ತಕ, ಆಸ್ಪತ್ರೆಯ ಎಕ್ಸ್‌ರೇ, ಕೈಗೂಸು, ಎಲ್ಲವೂ ಹೀಗೆ ಅಪರಿಚಿತರ ಮಡಿಲಲ್ಲಿ ಪ್ರಯಾಣ ಮಾಡಿ, ಇಳಿಯುವಾಗ ತಮ್ಮವರನ್ನು ಸೇರುತ್ತಿದ್ದವು. ಯಾರಾದರೂ ತನ್ನ ಚೀಲವನ್ನು ಕೊಡದೆ ಎದೆಗೆ ಅವುಚಿಕೊಂಡು ನಿಂತರೆ, "ನಾವೇನು ಕಚ್ಕಂಡು ಹೋಗ್ತಿವಾ ಮಾರಾಯ್ರೆ" ಎಂದು ಕೂತವರಿಗೇ ಬೇಜಾರು.

ಹರಿಹರಪುರದಲ್ಲಿ ದಿನಾ ಒಬ್ಬ ಹೆಂಗಸು ಹತ್ತುತ್ತಿದ್ದಳು. ನಡುವಯಸ್ಸು, ಎತ್ತರದ ಆಳು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು. ಕೊಪ್ಪ ದಾಟಿದ ಮೇಲೆ ಎನ್ನಾರ್ ಪುರದ ದಾರಿಯಲ್ಲಿ ಒಂದು ಕಾಫಿ ಎಸ್ಟೇಟಿದೆ; ಅಲ್ಲಿಯ ಕಣದಲ್ಲಿ ಕಾಫಿ ಒಣಗಿಸುವ, ಆರಿಸುವ ಕೆಲಸ. ನಾವೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಹರಿಹರಪುರದಲ್ಲಿ ಇನ್ನೂ ಸೀಟು ಇರುತ್ತಿತ್ತು, ಹಾಗಾಗಿ ಅವಳಿಗೆ ಯಾವಾಗಲೂ ಬಾಗಿಲಿನ ಹಿಂದಿನ ಸೀಟೇ ಸಿಗುತ್ತಿತ್ತು. ಕೊಪ್ಪದಲ್ಲಿ ಜನ ನುಗ್ಗಿದ ಮೇಲೆ ಚೀಲಗಳೆಲ್ಲ ಅವಳ ಕಡೆಗೇ ಹೋಗುತ್ತಿದ್ದವು. ಅವಳ ಮುಖವೇ ಇಲ್ಲ ಎನ್ನದೆ ಇಟ್ಟುಕೊಳ್ಳುವವರ ಮುಖ. ಒಂದರ ಮೇಲೊಂದು ಪೇರಿಸಿ, ಗಲ್ಲವನ್ನು ಮೇಲಿನ ಚೀಲದ ಮೇಲಿಟ್ಟು, ಕೆಳಗಿನಿಂದ ಎರಡೂ ಕೈ ಕೊಟ್ಟು ಹಿಡಿಯುತ್ತಿದ್ದಳು. ಯಾವುದು ಯಾರದ್ದು ಎಂದು ಒಮ್ಮೆಯೂ ತಪ್ಪಿದ್ದಿಲ್ಲ. ಬಸ್ಸಿನವರು ಅವಳ ಮಡಿಲಿಗೆ ಗೋಡೌನ್ ಎಂದು ಹೆಸರಿಟ್ಟಿದ್ದರು.

ಕೊಪ್ಪದಲ್ಲಿ ಹತ್ತುವ, ಎನ್ನಾರ್ ಪುರದ ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ದಪ್ಪನೆಯ ಒಬ್ಬರು ದಿನಾ ಕೇಳುವುದು, "ಅಕ್ಕ, ಗೋಡೌನಲ್ಲಿ ಜಾಗ ಇದ್ಯಾ?"

"ನೀವೊಬ್ರು ಬಿಟ್ಟು ಬೇರೆ ಎಂತ ಬೇಕಾದ್ರೂ ಇಡಿ" ಎನ್ನುತ್ತಿದ್ದಳು. ದಿನಾ ಅದೇ ಮಾತು, ದಿನಾ ನಗು.

ಆ ವರ್ಷ ನಮ್ಮ ಕಡೆ ಕಳ್ಳತನ ಜಾಸ್ತಿಯಾಯಿತು. ಅಡಿಕೆ ಮಾರಿ ಬಂದವರ ಜೇಬು ಕತ್ತರಿಸುವುದು ಮೊದಲಿನಿಂದಲೂ ಇತ್ತು, ಅದು ಹೊಸದಲ್ಲ. ಹೊಸದು ಎಂದರೆ ಹೆಂಗಸರ ಕುತ್ತಿಗೆ. ಕೊಪ್ಪದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಒಬ್ಬರ ಸರ ಹೋಯಿತು. ಶೃಂಗೇರಿಯ ಬಸ್ಸಿನಲ್ಲಿ ಇನ್ನೊಬ್ಬರದ್ದು. ಬೈಕಿನಲ್ಲಿ ಬಂದು ದಾರಿ ಕೇಳುವ ನೆಪದಲ್ಲಿ ಕಿತ್ತುಕೊಂಡು ಹೋದದ್ದೂ ಆಯಿತು. ಊರ ಹೊರಗಿನಿಂದ ಒಳ್ಳೆ ಬಟ್ಟೆ ಹಾಕಿಕೊಂಡು ಬರುವವರ ತಂಡವಂತೆ, ಮಗುವನ್ನು ಎತ್ತಿಕೊಂಡಿರುತ್ತಾರಂತೆ, ಹೀಗೆ ದಿನಕ್ಕೊಂದು ಸುದ್ದಿ. ಪೊಲೀಸ್ ಜೀಪು ಮೈಕ್ ಕಟ್ಟಿಕೊಂಡು, ಚಿನ್ನ ಹಾಕಿಕೊಂಡು ಬಸ್ಸಿನಲ್ಲಿ ಓಡಾಡಬೇಡಿ ಎಂದು ಕೂಗಿ ಹೋಯಿತು. ಸ್ಟ್ಯಾಂಡಿನ ಕಂಬಗಳಿಗೆ ಚೀಟಿ ಅಂಟಿಸಿದರು.

ನಾನೂ ನನ್ನ ಬುದ್ಧಿಗೆ ತೋಚಿದ ಸಹಾಯ ಮಾಡಿದೆ. ಮದುವೆ ಮುಂಜಿಗೆ ಹೊರಟ ಹೆಂಗಸರು ಹತ್ತುವಾಗ, "ಅಮ್ಮ, ಸರ ತೆಗ್ದು ಚೀಲಕ್ಕೆ ಹಾಕ್ಕಳಿ, ಇಳಿದ್ಮೇಲೆ ಹಾಕ್ಕಂಡ್ರಾತು" ಎಂದು ಹೇಳುತ್ತಿದ್ದೆ. ಅವರು ನನ್ನ ಮಾತು ಕೇಳಿ ತೆಗೆದು, ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಬಸ್ಸು ಹತ್ತಿ, ಸೀಟಿಲ್ಲದೆ ನಿಂತು, ಅದೇ ಚೀಲವನ್ನು ಎದುರಿಗೆ ಕೂತವರ ಮಡಿಲಿಗೆ ಕೊಡುತ್ತಿದ್ದರು. ಕುತ್ತಿಗೆಯಲ್ಲಿದ್ದರೆ ಕಿತ್ತಾಗ ಕೂಗಾದರೂ ಹಾಕುತ್ತಿದ್ದರು. ಇದು ಎಂಥ ಪೆದ್ದುತನ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕುತ್ತಿಗೆಯ ಚಿನ್ನಕ್ಕೆ ಹೆದರುವುದನ್ನು ಹೊಸದಾಗಿ ಕಲಿತಿದ್ದೆವು. ಚೀಲ ಕೊಡಲು ಹೆದರಬೇಕು ಎಂಬುದು ನಮ್ಮ ರೂಢಿಯಲ್ಲಿ ಇರಲಿಲ್ಲ.

ಅದು ಲಗ್ನದ ದಿನಗಳು. ಕೊಪ್ಪದಲ್ಲಿ ಒಬ್ಬ ಅಮ್ಮ ಹತ್ತಲು ಬಂದರು. ಹತ್ತಿರದ ಊರಿನ ತೋಟದ ಮನೆಯವರು, ಎನ್ನಾರ್ ಪುರದಲ್ಲಿ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ಕುತ್ತಿಗೆಯಲ್ಲಿ ತಾಳಿಯ ಜೊತೆಗೆ ಚಿನ್ನದ ಉದ್ದನೆಯ ಅವಲಕ್ಕಿ ಸರ. ನಾನು ಎಂದಿನಂತೆ ಹೇಳಿದೆ. ಅವರು ಸ್ಟ್ಯಾಂಡಿನ ಗೋಡೆಯ ಕಡೆ ತಿರುಗಿ, ಸೆರಗು ಮರೆ ಮಾಡಿಕೊಂಡು ಸರ ತೆಗೆದು, ತೆಂಗಿನಕಾಯಿ ಹೂವು ಇದ್ದ ಬಟ್ಟೆಯ ಚೀಲದೊಳಗೆ ಇಟ್ಟರು. ಅದನ್ನು ನಾನು ನೋಡಿದೆ. ನಾನು ನೋಡಿದ ಮೇಲೆ ಇನ್ನೆಷ್ಟು ಜನ ನೋಡಿದರೋ.

ಹಿಂದಿನ ಬಸ್ಸು ನಮ್ಮ ಬೆನ್ನಿಗೇ ಬಂದು ನಿಂತಿತ್ತು. ಟೈಮಿಂಗಿನ ಜಗಳ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಅವರಿಗೆ ಜನ ಬಿಡಬಾರದು ಎಂದು ಉಸಿರಾಡಲು ಜಾಗ ಇಲ್ಲದಷ್ಟು ತುಂಬಿದೆ. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಜನ ಕೂರಿಸಬಾರದು ಎಂದು ಮಾಲೀಕರು ಕಟ್ಟಪ್ಪಣೆ ಮಾಡಿದ್ದರು. ಅಲ್ಲಿಯೂ ಇಬ್ಬರು ಹೆಂಗಸರನ್ನು ಕೂರಿಸಿದೆ. ಒಳ್ಳೆ ಸೀರೆ ಉಟ್ಟಿದ್ದರು, ನಮ್ಮ ಕಡೆಯ ಮಾತಲ್ಲ. ತೋಟದ ಮನೆಯ ಅಮ್ಮ ನಡುವಿನಲ್ಲಿ ನಿಂತು, ಚೀಲವನ್ನು ಎದುರಿಗಿದ್ದ ಅಕ್ಕನ ಮಡಿಲಿಗೆ ಕೊಟ್ಟರು. ಆಮೇಲೆ ಜನರ ಒತ್ತಡಕ್ಕೆ ಹಿಂದೆ ಹಿಂದೆ ಸರಿದು ಹೋದರು.

ಕೊಪ್ಪ ಬಿಟ್ಟು ಸ್ವಲ್ಪ ದೂರದಲ್ಲಿ ಒಬ್ಬಳು ಬಸುರಿ ಹೆಂಗಸು ಹತ್ತಿದಳು. ಅಕ್ಕ ಕೂಡಲೇ ಎದ್ದು ಸೀಟು ಕೊಟ್ಟಳು. ಸಣ್ಣಪುಟ್ಟ ಚೀಲಗಳನ್ನು ಆಚೀಚೆ ಹಂಚಿದಳು. ಕಾಯಿ ಇದ್ದ ಆ ಭಾರದ ಚೀಲವನ್ನು ಮಾತ್ರ ಕೈಯಲ್ಲಿ ಹಿಡಿದು, ಬಾಗಿಲಿಗೆ ಅಡ್ಡವಾಗಿ ನಿಂತಳು. ಟಿಕೆಟ್ ಕೊಡಲು ಹೋಗುತ್ತಿದ್ದ ನನಗೆ ದಾರಿ ಇರಲಿಲ್ಲ.

"ತಾ ಅದನ್ನ ಇಲ್ಲಿ" ಎಂದೆ. ಬೇಡ ಅಣ್ಣ, ನಾನೇ ಹಿಡ್ಕಂತೀನಿ, ಅವರು ನನ್ನ ಹತ್ರ ಕೊಟ್ಟಿದ್ದು ಎಂದಳು. ನಾನು ಕೇಳಲಿಲ್ಲ. ಕಿತ್ತುಕೊಂಡ ಹಾಗೆಯೇ ತೆಗೆದುಕೊಂಡು ಮುಂದಿನವರಿಗೆ ಕೊಟ್ಟೆ. ಚೀಲ ತಲೆಗಳ ಮೇಲಿನಿಂದ ಕೈಯಿಂದ ಕೈಗೆ ದಾಟಿ, ಬಾನೆಟ್ಟಿನ ಮೇಲೆ, ಆ ಇಬ್ಬರು ಹೆಂಗಸರ ಪಕ್ಕ ಹೋಗಿ ಕೂತಿತು.

ನಡುವೆ ಒಂದು ಕಡೆ ಅವರಿಬ್ಬರೂ ತಪ್ಪು ಬಸ್ಸು ಹತ್ತಿದೆವು ಎಂದು ಇಳಿದರು. ಅವರೇ ತೆಗೆದರು ಎಂದು ನಾನು ಆಣೆ ಮಾಡಿ ಹೇಳಲಾರೆ. ಎನ್ನಾರ್ ಪುರದ ದಾರಿಯಲ್ಲಿ ಅವರ ಮಾತಿನವರು ತಪ್ಪು ಬಸ್ಸು ಹತ್ತುವುದು ಅಂಥ ಆಶ್ಚರ್ಯವೂ ಅಲ್ಲ. ಕಣ್ಣಾರೆ ಕಾಣದ್ದನ್ನು ಇನ್ನೊಬ್ಬರ ಮೇಲೆ ಹೊರಿಸುವುದು, ನಾನು ಒಮ್ಮೆ ಮಾಡಿದ್ದೇ ಸಾಕು.

ಅವರು ಇಳಿದ ಮೇಲೆ ಡ್ರೈವರ್, "ಈ ಚೀಲ ತೆಗಿ ಮಾರಾಯ, ಗೇರ್ ಹಾಕಕ್ಕೆ ಆಗ್ತಿಲ್ಲ" ಎಂದ. ಅಷ್ಟರಲ್ಲಿ ಅಕ್ಕನಿಗೆ ಬೇರೆ ಸೀಟು ಸಿಕ್ಕಿತ್ತು. ನಾನೇ ಚೀಲ ತಂದು ಅವಳ ಮಡಿಲಿನಲ್ಲಿಟ್ಟೆ.

ಎಸ್ಟೇಟಿನ ಗೇಟು ಬಂತು. ಅಕ್ಕ ಎದ್ದು, ಚೀಲ ಕೊಟ್ಟವರನ್ನು ಹುಡುಕಿಕೊಂಡು ಹಿಂದೆ ಹೋಗಿ, "ತಗಳಿ ಅಮ್ಮ, ನಾನು ಇಳಿತೀನಿ" ಎಂದು ಕೊಟ್ಟಳು. ಆ ಅಮ್ಮ ಚೀಲದೊಳಗೆ ಕೈ ಹಾಕಿ ನೋಡಿದರು. ಮತ್ತೊಮ್ಮೆ ನೋಡಿದರು. ಕಾಯಿ ತೆಗೆದು ಪಕ್ಕದವರ ಕೈಗೆ ಕೊಟ್ಟು ನೋಡಿದರು. ಅಕ್ಕನ ಒಂದು ಕಾಲು ಮೆಟ್ಟಿಲಿನ ಮೇಲಿತ್ತು.

"ನನ್ನ ಸರ ಇಲ್ಲ."

ಬಸ್ಸು ಹೊರಡಲಿಲ್ಲ. ಯಾರೋ ಅಕ್ಕನ ರಟ್ಟೆ ಹಿಡಿದು ಒಳಗೆ ಎಳೆದರು. ಯಾರ ಮಡಿಲಲ್ಲಿತ್ತು, ಯಾರ ಮಡಿಲಲ್ಲಿತ್ತು ಎಂದು ಎಲ್ಲರೂ ಕೇಳಿದರು. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಬಸ್ಸಿನೊಳಗೆ ಕಂಡಕ್ಟರನ ಮಾತೇ ಸಾಕ್ಷಿ.

ಆಗ ನನ್ನ ತಲೆಯಲ್ಲಿ ಏನು ನಡೆಯಿತು ಎಂದು ಸುಳ್ಳಿಲ್ಲದೆ ಹೇಳಲು ಪ್ರಯತ್ನಿಸುತ್ತೇನೆ. ಕೆಲವೇ ದಿನ ಮೊದಲು ನಾನು ಒಂದು ಪಾರ್ಸಲ್ ಕಳೆದಿದ್ದೆ. ಇನ್ನೊಂದು ದೂರು ಬಂದರೆ ಮನೆಯಲ್ಲಿ ಕೂರು ಎಂದು ಮಾಲೀಕರು ಹೇಳಿದ್ದರು. ಚೀಲ ನಾನು ತೆಗೆದುಕೊಂಡೆ, ಬಾನೆಟ್ಟಿನ ಮೇಲೆ ಹೋಯಿತು, ಅಲ್ಲಿ ಜನ ಕೂರಿಸಿದ್ದೆ ಎಂದರೆ ಮೂರೂ ನನ್ನ ತಲೆಗೇ. ಸರವನ್ನು ಚೀಲಕ್ಕೆ ಹಾಕಿಸಿದವನೂ ನಾನೇ. ಇದು ಒಂದು. ಇನ್ನೊಂದು ಯೋಚನೆ ಅದರ ಜೊತೆಗೇ ಬಂತು. ಅದೇ ನನ್ನನ್ನು ಹಾಳು ಮಾಡಿದ್ದು. ಇವಳ ಹತ್ತಿರ ಹೇಗೂ ಏನೂ ಸಿಗುವುದಿಲ್ಲ, ಹುಡುಕುತ್ತಾರೆ, ಬಿಡುತ್ತಾರೆ, ಇವಳಿಗೇನೂ ನಷ್ಟ ಇಲ್ಲ ಎಂದುಕೊಂಡೆ. ಕೂಲಿಯವಳು, ಅಷ್ಟು ಮಾತು ತಡೆದುಕೊಳ್ಳುತ್ತಾಳೆ ಎಂದೂ ಅಂದುಕೊಂಡಿರಬೇಕು. ಅದನ್ನು ಬರೆಯದೆ ಬಿಟ್ಟರೆ ಇಷ್ಟು ಬರೆದದ್ದೂ ದಂಡ.

"ಕೊಪ್ಪದಿಂದ ಇವಳ ಮಡಿಲಲ್ಲೇ ಇತ್ತು" ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. ಅವಳಿಗೆ ಆಗ ಇನ್ನೂ ಸಿಟ್ಟಿರಲಿಲ್ಲ. ಮರೆತವರಿಗೆ ನೆನಪು ಮಾಡಿಕೊಡುವ ಹಾಗೆ ಹೇಳಿದಳು, "ಅಣ್ಣ, ನೀವು ನನ್ ಕೈಯಿಂದ ತಗಂಡು ಮುಂದೆ ದಾಟ್ಸಿದ್ರಲ್ಲ. ಬಾನೆಟ್ ಮೇಲೆ ಇತ್ತಲ್ಲ."

ನಾನು ಕೇಳಿದೆ, "ಯಾವಾಗ?"

ಅಷ್ಟೇ. ಇಲ್ಲ ಎಂದೂ ಹೇಳಲಿಲ್ಲ. ಯಾವಾಗ ಎಂದು ಕೇಳಿದೆ.

ಚೀಲ ದಾಟಿಸಿದ ಕೈಗಳು ಆ ಬಸ್ಸಿನಲ್ಲೇ ಇದ್ದವು. ಮಂಡಿಯ ಆ ದಪ್ಪನೆಯವರ ತಲೆಯ ಮೇಲೆಯೇ ಚೀಲ ಹೋಗಿತ್ತು; ಅವರೇ ಮುಂದಕ್ಕೆ ಕೊಟ್ಟಿದ್ದರು. ಅವರು ಕಿಟಕಿಯ ಹೊರಗೆ ನೋಡಿದರು. ಮುಂದಿನ ಸೀಟಿನವರು ತಲೆ ತಗ್ಗಿಸಿ ಟಿಕೆಟ್ ನೋಡಿಕೊಂಡರು. ನಾನೂ ಮುಟ್ಟಿದ್ದೆ ಎಂದವರ ಮೈಯನ್ನೇ ಮೊದಲು ತಡಕುತ್ತಾರೆ, ಅದು ಎಲ್ಲರಿಗೂ ಗೊತ್ತು. ನಾನು ಒಂದು ಮಾತು ಹೇಳಿದ್ದರೆ ಅವರೂ ಹೇಳುತ್ತಿದ್ದರೇನೋ. ಗೊತ್ತಿಲ್ಲ.

ಹೆಂಗಸರೇ ಅವಳ ಮೈ ತಡಕಿ ನೋಡಿದರು. ಗಂಡಸರು ಆ ಕಡೆ ತಿರುಗಿ ಎಂದು ಒಬ್ಬರು ಹೇಳಿದರು, ಎಲ್ಲರೂ ತಿರುಗಲಿಲ್ಲ. ಸೆರಗು ಬಿಚ್ಚಿ ಕೊಡವಿದರು. ತುರುಬು ಬಿಚ್ಚಿಸಿದರು. ಎಲೆಅಡಿಕೆಯ ಚೀಲವನ್ನು ಸೀಟಿನ ಮೇಲೆ ಸುರಿದರು. ಮಧ್ಯಾಹ್ನಕ್ಕೆ ತಂದಿದ್ದ ಬುತ್ತಿಯ ಮುಚ್ಚಳ ತೆಗೆದು ಅನ್ನದೊಳಗೆ ಬೆರಳು ಆಡಿಸಿ ನೋಡಿದರು. ಏನೂ ಸಿಗಲಿಲ್ಲ. ಸಿಗಲಿಲ್ಲವಾದ್ದರಿಂದ, ಇವಳು ಯಾರಿಗೋ ದಾಟಿಸಿದ್ದಾಳೆ, ಇವಳ ಜೊತೆಯವರು ಇಳಿದು ಹೋಗಿದ್ದಾರೆ ಎಂದು ಒಬ್ಬರು ತೀರ್ಮಾನ ಮಾಡಿದರು. ಕಾಲೇಜಿಗೆ ಹೋಗುವ ವಯಸ್ಸಿನ ಒಬ್ಬ ಮೊದಲಿನಿಂದಲೇ ಫೋನ್ ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳುತ್ತಿದ್ದ. ನಾನು ಬೇಡ ಎನ್ನಲಿಲ್ಲ.

ಬಸ್ಸನ್ನು ಎನ್ನಾರ್ ಪುರಕ್ಕೆ ಹೊಡೆದು ಸ್ಟೇಷನ್ನಿನ ಮುಂದೆ ನಿಲ್ಲಿಸಿದೆವು. ಅಲ್ಲಿ ಅವಳ ಮೇಲೆ ಯಾರೂ ಕೈ ಮಾಡಲಿಲ್ಲ. ವಿಚಾರಿಸಿದರು, ಬರೆದುಕೊಂಡರು, ಏನೂ ಸಿಗದ ಮೇಲೆ ಮಧ್ಯಾಹ್ನ ಮನೆಗೆ ಕಳಿಸಿದರು. ನನ್ನನ್ನೂ ಕೇಳಿದರು. ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಿದೆ. ಒಮ್ಮೆ ಹೇಳಿದ ಸುಳ್ಳು ಎರಡನೇ ಸಲಕ್ಕೆ ನಿಜದ ಹಾಗೆ ಸಲೀಸಾಗಿ ಬರುತ್ತದೆ. ಕೊನೆಗೆ ಅಲ್ಲಿಯ ವಯಸ್ಸಾದ ಪೇದೆಯೊಬ್ಬರು ನನಗೆ ಹೇಳಿದರು, ಅವಳು ನಿಮ್ಮ ಮೇಲೆ ಏನೂ ಹೇಳಲಿಲ್ಲ, ಬಸ್ಸಲ್ಲಿ ಜನ ಜಾಸ್ತಿ ಇತ್ತು, ಅಣ್ಣನಿಗೆ ನೆನಪಿಲ್ಲ ಕಾಣ್ತದೆ ಅಂದಳು, ಎಂದು.

ವಾಪಸ್ಸು ಬರುವಾಗ ಬಸ್ಸು ಖಾಲಿಯಿತ್ತು. ಡ್ರೈವರ್ ಕನ್ನಡಿಯಲ್ಲಿ ಎಲ್ಲ ನೋಡಿದ್ದವನು. ರಸ್ತೆ ನೋಡುತ್ತಲೇ, "ಬಿಟ್ರಲ್ಲ ಅವಳನ್ನ. ಮುಗೀತು. ನೀ ಬಾಯಿ ಬಿಟ್ಟೆ ಅಂದ್ರೆ ಇಬ್ರೂ ಮನೆಗೆ. ಸುಮ್ನಿರು ಮಾರಾಯ" ಎಂದ. ಅವನು ಹೇಳದಿದ್ದರೂ ನಾನು ಸುಮ್ಮನೇ ಇರುತ್ತಿದ್ದೆ.

ಮುಗಿಯಲಿಲ್ಲ. ಸಂಜೆಯೊಳಗೆ ಆ ವಿಡಿಯೋ ಕೊಪ್ಪ, ಶೃಂಗೇರಿ, ಎನ್ನಾರ್ ಪುರ ಮೂರೂ ಕಡೆಯ ಫೋನುಗಳಿಗೆ ಬಂತು. ನನ್ನ ಫೋನಿಗೂ ಬಂತು, ನನ್ನ ಹೆಂಡತಿಯ ಅಣ್ಣನೇ ಕಳಿಸಿದ್ದ. ಬಸ್ಸಲ್ಲಿ ಸಿಕ್ಕಿಬಿದ್ದ ಕಳ್ಳಿ, ಮುಖ ನೋಡಿಕೊಳ್ಳಿ, ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿತ್ತು. ಅದರಲ್ಲಿ ನಾನು ಕಾಣುವುದಿಲ್ಲ. ಖಾಕಿ ತೋಳು ಸ್ವಲ್ಪ ಕಾಣುತ್ತದೆ. ದನಿ ಕೇಳುತ್ತದೆ. ಬಾಗಿಲ ಹತ್ತಿರ ಅವಳು ನಿಂತಿದ್ದಾಳೆ, ನೀವು ತಗಂಡು ದಾಟ್ಸಿದ್ರಲ್ಲ ಎನ್ನುತ್ತಾಳೆ, ಯಾರೋ ಒಬ್ಬ ಗಂಡಸು, ಯಾವಾಗ, ಎಂದು ಕೇಳುತ್ತಾನೆ. ಎಷ್ಟು ಸಹಜವಾಗಿ ಕೇಳುತ್ತಾನೆಂದರೆ, ನನಗೆ ಗೊತ್ತಿಲ್ಲದಿದ್ದರೆ ನಾನೂ ಅವನನ್ನೇ ನಂಬುತ್ತಿದ್ದೆ.

ಕೆಲವು ದಿನ ಬಿಟ್ಟು ಅವಳು ಮತ್ತೆ ಹರಿಹರಪುರದಲ್ಲಿ ಹತ್ತಿದಳು. ಕೆಲಸಕ್ಕೆ ಹೋಗಲೇಬೇಕಲ್ಲ. ಎಂದಿನ ಸೀಟಿನಲ್ಲೇ ಕೂತಳು. ಕೊಪ್ಪದಲ್ಲಿ ಜನ ನುಗ್ಗಿದರು. ಚೀಲಗಳು ಅವಳನ್ನು ದಾಟಿ ಹಿಂದಿನ ಸೀಟಿಗೆ ಹೋದವು, ಪಕ್ಕದ ಸೀಟಿಗೆ ಹೋದವು. ತುಂಬಿದ ಬಸ್ಸಿನಲ್ಲಿ ಅವಳ ಮಡಿಲೊಂದೇ ಖಾಲಿ. ಅವಳು ಯಾರನ್ನೂ ಕೇಳಲಿಲ್ಲ. ಒಮ್ಮೆ ದೂರದ ಊರಿನವಳಂತೆ ಕಂಡ ಒಬ್ಬಳು ತನ್ನ ಮಗುವನ್ನು ಅವಳ ಕಡೆ ಚಾಚಿದಳು. ಅಕ್ಕ ಕೈ ನೀಡಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು, "ಅಲ್ಲಿ ಬ್ಯಾಡ, ಇಲ್ಲಿ ತಾ ಮಾರಾಯ್ತಿ. ಕೂಸಿನ ಕಾಲಲ್ಲಿ ಗೆಜ್ಜೆ ಇದೆ" ಎಂದರು. ಬಸ್ಸಿನಲ್ಲಿ ಒಂದಿಬ್ಬರು ನಕ್ಕರು.

ಅವತ್ತಿನಿಂದ ಅವಳು ಎರಡೂ ಕೈಗಳನ್ನು ಎದುರಿನ ಸೀಟಿನ ಕಂಬಿಯ ಮೇಲಿಟ್ಟು ಕೂರಲು ಶುರು ಮಾಡಿದಳು. ಹರಿಹರಪುರದಿಂದ ಎಸ್ಟೇಟಿನ ಗೇಟಿನವರೆಗೂ ಹಾಗೆಯೇ. ಎಲ್ಲರಿಗೂ ಕಾಣಲಿ ಎಂದು. ಮೂಗು ತುರಿಸಿದರೂ ಕೈ ತೆಗೆಯುತ್ತಿರಲಿಲ್ಲ, ಭುಜಕ್ಕೆ ಉಜ್ಜಿಕೊಳ್ಳುತ್ತಿದ್ದಳು. ನಾನು ಟಿಕೆಟ್ ಕೊಟ್ಟರೆ ಒಂದು ಕೈಯನ್ನು ಮೇಲಿಟ್ಟುಕೊಂಡೇ ಇನ್ನೊಂದರಲ್ಲಿ ತೆಗೆದುಕೊಳ್ಳುತ್ತಿದ್ದಳು. ಮುಖ ನೋಡಿ ಮಾತಾಡಿಸುತ್ತಿದ್ದಳು, ಬಸ್ಸು ಲೇಟಾ ಅಣ್ಣ ಎಂದು. ಮಂಡಿಯವರು ಗೋಡೌನಿನ ಮಾತು ಎತ್ತುವುದು ಬಿಟ್ಟರು. ಅವರು ಹಿಂದಿನ ಬಾಗಿಲಿನಲ್ಲಿ ಹತ್ತಲು ಶುರು ಮಾಡಿದರು.

ಹೇಳಲು ನನಗೆ ಆಗ ದಿನಾ ಅವಕಾಶ ಇತ್ತು. ಎಸ್ಟೇಟಿನಲ್ಲಿ ಅವಳನ್ನು ಕಣದ ಕೆಲಸದಿಂದ ತೆಗೆದು ಗಿಡದ ಕೆಲಸಕ್ಕೆ ಹಾಕಿದರಂತೆ. ಕಣದ ಪಕ್ಕದಲ್ಲೇ ಮಾಲೀಕರ ಮನೆ, ಬಾಗಿಲು ತೆರೆದಿರುತ್ತದೆ, ಅದಕ್ಕೆ. ಆಮೇಲೆ ಆ ಕೆಲಸವೂ ಇಲ್ಲವಾಯಿತು. ಶೃಂಗೇರಿ ಕಡೆಯಿಂದ ಅವಳ ಮಗಳಿಗೆ ಬಂದಿದ್ದ ಸಂಬಂಧ ನಿಂತಿತು ಎಂದು ಹರಿಹರಪುರದ ಅಂಗಡಿಯವರು ಹೇಳಿದರು. ಈ ಕಾರಣಕ್ಕೇ ನಿಂತಿತೋ, ಬೇರೆಗೋ, ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಬೇರೆ ಕಾರಣ ಇರಬಹುದು ಎಂದು ನಂಬಲು ಅಷ್ಟು ಜಾಗ ನನಗೆ ಬೇಕಿತ್ತು. ಒಂದು ದಿನ ಅವಳು ಹರಿಹರಪುರದಲ್ಲಿ ನಿಂತಿರಲಿಲ್ಲ. ಮರುದಿನವೂ ಇಲ್ಲ. ನನಗೆ ಮೊದಲು ಅನಿಸಿದ್ದು ನೆಮ್ಮದಿ. ಅದನ್ನೂ ಹೇಳಿಬಿಡುತ್ತೇನೆ.

ಬಸ್ಸಿನಲ್ಲಿ ಚೀಲ ಕೊಡುವುದು ನಿಧಾನವಾಗಿ ಕಡಿಮೆಯಾಯಿತು. ಈಗ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ನೂಕುನುಗ್ಗಲು ಇನ್ನೂ ಹೆಚ್ಚು, ಆದರೂ ಎಲ್ಲರೂ ಚೀಲವನ್ನು ಎದೆಗೆ ಕಟ್ಟಿಕೊಂಡೇ ನಿಲ್ಲುತ್ತಾರೆ. ಅದು ಒಳ್ಳೆಯದೇ ಇರಬಹುದು. ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಬಂದಿದೆ. ಕಳ್ಳತನ ಅದರ ಪಾಡಿಗೆ ಅದು ನಡೆಯುತ್ತಿದೆ.

ಕೆಲಸ ಬಿಟ್ಟ ಮೇಲೆ ತೋಟದ ಮನೆಗೆ ಹೋಗಿದ್ದೆ, ಆ ಸರ ಕಳೆದುಕೊಂಡ ಅಮ್ಮನ ಹತ್ತಿರ. ಸರವನ್ನು ಚೀಲಕ್ಕೆ ಹಾಕಿ ಎಂದದ್ದು ನಾನೇ, ನನ್ನದು ತಪ್ಪಾಯಿತು, ಕ್ಷಮಿಸಿ ಎಂದೆ. ಅವರು ಕಾಫಿ ಕೊಟ್ಟರು. ನೀವು ಒಳ್ಳೇದಕ್ಕೇ ಹೇಳಿದ್ದು, ಆ ಹೆಂಗಸು ಹಾಗೆ ಮಾಡಿದರೆ ನೀವೆಂತ ಮಾಡ್ತೀರಿ ಎಂದರು. ನಾನು ಕಾಫಿ ಕುಡಿದೆ. ಮಾಲೀಕರ ಹತ್ತಿರ ಪಾರ್ಸಲಿನ ವಿಷಯಕ್ಕೆ ಕ್ಷಮೆ ಕೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ. ಶೃಂಗೇರಿಯಲ್ಲಿ ಹೊಳೆಯಲ್ಲಿ ಮುಳುಗಿ, ದೇವಿಯ ಎದುರು ಕೈಮುಗಿದು ನಿಂತು ತಪ್ಪಾಯಿತು ಎಂದೆ. ಎಲ್ಲ ಕಡೆಯೂ ಕ್ಷಮೆ ಸಿಕ್ಕಿತು. ತಪ್ಪು ಏನೆಂದು ಹೇಳದೆ ಕೇಳಿದರೆ ಕ್ಷಮೆ ಸಿಗುವುದು ಬಹಳ ಸುಲಭ.

ಅವಳ ಮನೆಗೂ ಹೋದೆ. ಹರಿಹರಪುರದಿಂದ ಸ್ವಲ್ಪ ಒಳಗೆ, ಕಾಲೋನಿಯಲ್ಲಿ ಕೊನೆಯ ಮನೆ. ಹೇಳಿಯೇ ಬರಬೇಕೆಂದು ಹೋಗಿದ್ದೆ. ಅವಳು ಜಗಲಿಯಲ್ಲಿ ತೆಂಗಿನಗರಿಯ ಕಡ್ಡಿ ಸೀಳಿ ಪೊರಕೆಯ ಹಿಡಿ ಕಟ್ಟುತ್ತಿದ್ದಳು. ಕಂಡ ಕೂಡಲೇ ಎದ್ದು, ಎಂತ ಅಣ್ಣ ಇಷ್ಟು ದೂರ, ಎಂದು ಚಾಪೆ ಹಾಕಿದಳು. ಬೆಲ್ಲ, ನೀರು ತಂದಿಟ್ಟಳು. ಮಂಡಿ ನೋವು, ಮಂಗ ಬಾಳೆ ಬಿಡುವುದಿಲ್ಲ, ಮಗಳು ಈಗ ಕೊಪ್ಪದ ಬಟ್ಟೆ ಅಂಗಡಿಗೆ ಹೋಗುತ್ತಾಳೆ, ಹೀಗೆಲ್ಲ ಹೇಳಿದಳು. ಮಗಳಿಗೆ ಮದುವೆ ಆಯಿತೇ ಎಂದು ನಾನು ಕೇಳಲಿಲ್ಲ. ಬಸ್ಸಿನ ಸುದ್ದಿ ಕೇಳಿದಳು, ಡ್ರೈವರ್ ಹೇಗಿದ್ದಾನೆ ಎಂದಳು. ಅವಳು ಕಡ್ಡಿಯನ್ನು ಕತ್ತಿಯಲ್ಲಿ ಹೆರೆಯುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಅವತ್ತು ನಿಮಗೆ ನೆನಪಾಗ್ಲಿಲ್ಲ, ಅಲ್ದಾ ಅಣ್ಣ?"

ಇದಕ್ಕಿಂತ ಅಗಲವಾಗಿ ಯಾರೂ ಯಾರಿಗೂ ಬಾಗಿಲು ತೆರೆದಿಡಲು ಸಾಧ್ಯವಿಲ್ಲ. ನಾನು ಹೇಳಲು ಬಂದದ್ದನ್ನು ಅವಳೇ ಅರ್ಧ ಎತ್ತಿ ಕೊಟ್ಟಿದ್ದಳು.

"ಹೌದು ಅಕ್ಕ" ಎಂದೆ. "ನೆನಪಾಗ್ಲಿಲ್ಲ."

ಅವಳು ತಲೆಯಾಡಿಸಿದಳು. ನಂಬಿದಳೋ, ಅಥವಾ ನಾನು ಏನು ಹೇಳುತ್ತೇನೆಂದು ನೋಡಲಿಕ್ಕೇ ಕೇಳಿದಳೋ, ನನಗೆ ಇವತ್ತಿಗೂ ತಿಳಿಯದು. ಕಡ್ಡಿ ಹೆರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮಳೆ ಬರೋ ಹಾಗಿದೆ, ಬಸ್ಸಿಗೆ ಹೊರಡಿ ಎಂದಳು. ಹೊರಟು ಬಂದೆ. ಬಸ್ಸಿನಲ್ಲಿ ಆಡಿದ್ದು ಹೆದರಿಕೆಯ ಸುಳ್ಳು. ಆ ಜಗಲಿಯ ಮೇಲೆ ನನಗೆ ಹೆದರಲು ಏನೂ ಇರಲಿಲ್ಲ. ಕೆಲಸ ಇರಲಿಲ್ಲ, ಮಾಲೀಕರಿರಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ಆದರೂ ಅದೇ ಸುಳ್ಳು ಹೇಳಿದೆ.

ಈ ವರ್ಷ ಆ ವಿಡಿಯೋ ಮತ್ತೆ ಬಂತು. ಈಗ ಬೇರೆ ಯಾವುದೋ ಊರಿನ ಹೆಸರು ಹಾಕಿದ್ದಾರೆ, ನಿನ್ನೆ ನಡೆದದ್ದು ಎಂದು ಬರೆದಿದ್ದಾರೆ. ಸೊಸೆ ಅಡುಗೆಮನೆಯಲ್ಲಿ ಅದನ್ನು ನೋಡುತ್ತ, "ಮಾವ, ಎಂಥ ಹೆಂಗಸರು ಇರ್ತಾರೆ ನೋಡಿ, ಕಂಡಕ್ಟರನ ಮೇಲೇ ಹಾಕ್ತಾಳೆ" ಎಂದಳು. ನನ್ನ ದನಿ ಅವಳಿಗೆ ಗುರುತು ಸಿಗಲಿಲ್ಲ. ನನಗೆ ಈಗ ಹಲ್ಲಿಲ್ಲ, ದನಿ ಬದಲಾಗಿದೆ. ಅದು ನಾನು ಎಂದು ಅವಳಿಗೆ ಅಲ್ಲಿಯೇ ಹೇಳಿದೆ. ಅವಳು ಫೋನನ್ನು ಬೋರಲು ಇಟ್ಟು, ಒಲೆಯ ಕಡೆ ತಿರುಗಿದಳು.

ಹರಿಹರಪುರಕ್ಕೆ ಬಸ್ಸು ಈಗಲೂ ಇದೆ. ಆ ಜಗಲಿಗೆ ನಾನು ಮತ್ತೆ ಹೋಗಿಲ್ಲ. ಬರೆಯುವುದು ಹೋಗುವುದಕ್ಕಿಂತ ಸುಲಭ, ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಓದಲು ಬಾರದು ಎಂಬುದೂ ನನಗೆ ಗೊತ್ತು. ಆದರೆ ಆ ವಿಡಿಯೋ ನೋಡಿದ ನಿಮಗೆ ಓದಲು ಬರುತ್ತದೆ. ಚೀಲ ಅವಳ ಕೈಯಿಂದ ಕಿತ್ತುಕೊಂಡು ಮುಂದೆ ದಾಟಿಸಿದವನು ನಾನು. ಯಾವಾಗ ಎಂದು ಕೇಳಿದ ಗಂಡಸು ನಾನು. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳ ಹತ್ತಿರ: ಹರಿಹರಪುರದ ಕಾಲೋನಿಯ ಕೊನೆಯ ಮನೆಯವಳು, ಎಸ್ಟೇಟಿನ ಕಣದಲ್ಲಿ ಕಾಫಿ ಆರಿಸುತ್ತಿದ್ದವಳು, ನನ್ನನ್ನು ಅಣ್ಣ ಎಂದು ಕರೆದ ಆ ಅಕ್ಕ.